ಸೈಕಾಲಜಿ ತಗೊಂಡೀನಿ, ತಲಿಗೆ ಹತ್ತವಲ್ದು. ಬಿಡಲೋ, ಹಿಡಿಲೋ?

ಶಿರಹಟ್ಟಿ_ಹುಡುಗಿ

ಎಲ್ಲಾರ್ಗೂ ನಮಸ್ಕಾರ್ರಿ. ನಾನು ಗದಗ ಜಿಲ್ಲಾದ ಶಿರಹಟ್ಟಿ ಕಡೆಯಾಕಿ. ಪಿಯುಸಿ ತನಕ ಕನ್ನಡ ಮಾಧ್ಯಮ. ಈ ವರ್ಷ ಬಿಎ ಮಾಡಾಕ ಧಾರವಾಡಕ್ಕ ಬಂದು ಹಾಸ್ಟೆಲ್‌ನಾಗ ಅದೀನಿ. ಇತಿಹಾಸದ ಜೋಡಿ ಸೈಕಾಲಜಿ ತಗೊಂಡೆ. ನಮ್ಮ ಓಣ್ಯಾಗ ಒಬ್ಬಾಕಿ ಅಕ್ಕ ಹಡದ ಮ್ಯಾಲೆ ಮಂಕಾಗಿ ಕುಂತಬಿಟ್ಟಿದ್ಲು, ಕೂಸಿನ ಮುಖಾನೂ ನೋಡ್ತಿದ್ದಿಲ್ಲ. ಗಾಳಿ ಸೋಕೈತಿ ಅಂತ ತಾಯತ ಕಟ್ಟಿಸಿದ್ರು. ಅವಾಗಿಂದ ಈ ಮನಸ್ಸಂದ್ರ ಏನು ಅನ್ನೋದು ನನ್ನ ತಲ್ಯಾಗ ಕುಂತೈತಿ.

ಈಗ ತ್ರಾಸ ಏನಂದ್ರ, ಮೊದಲನೇ ಟೆಸ್ಟಿನ್ಯಾಗ 20ಕ್ಕ 7 ಬಂದಾವು. ನೋಟ್ಸ್ ಎಂಟು ಸಲ ಓದಿದ್ದೆ. ಹಳದಿ ಪೆನ್ನಿಲೆ ಗೆರಿ ಎಳದು ಎಳದು ಪುಟಾನ ಹಳದಿ ಆಗೈತಿ. ಓದುವಾಗ ಎಲ್ಲಾ ಬಂದಂಗ ಅನಸ್ತೈತಿ, ಪೇಪರ್ ಮುಂದ ಕುಂತ್ರ ಖಾಲಿ. ಮ್ಯಾಡಂ ಚಲೋ ಹೇಳ್ತಾರ, ಆದ್ರ ಸ್ಟಿಮುಲಸ್, ಪರ್ಸೆಪ್ಷನ್, ರಿಇನ್‌ಫೋರ್ಸ್‌ಮೆಂಟ್ ಅಂತ ಒಂದರ ಬೆನ್ನಿಗೆ ಒಂದು ಬರ್ತಾವು. ಹಿಂದಿಂದು ಬರ್ಕೊಳ್ಳೋದ್ರಾಗ ಮುಂದಿಂದು ಹೋಗಿರ್ತೈತಿ.

ಪ್ರ್ಯಾಕ್ಟಿಕಲ್‌ನಾಗ ಕನ್ನಡಿ ಪ್ರಯೋಗ ಇತ್ತು. ಕೈ ಕಾಣದಂಗ ಅಡ್ಡ ಒಂದು ಹಲಗಿ, ಎದುರಿಗೆ ಕನ್ನಡಿ. ಕನ್ನಡ್ಯಾಗ ನೋಡ್ಕೋತ ನಕ್ಷತ್ರದ ಎರಡು ಗೆರಿ ನಡುವ ಕಡ್ಡಿ ಎಳೀಬೇಕು. ಮೂಲಿಗೆ ಬಂದ ಕೂಡ್ಲೇ ಕೈ ತಿರುಗವಲ್ದು, ಮ್ಯಾಲೆ ಒಯ್ಯಬೇಕಂದ್ರ ಕೆಳಗ ಹೊಕ್ಕೈತಿ. ಮೊದಲ ಸುತ್ತಿಗೆ 41 ತಪ್ಪು. ಬಾಜೂದಾಕಿ ನಕ್ಕಳು. ನಂಗ ಬುದ್ಧೀನ ಕಡಿಮಿ ಐತೇನೋ ಅನಿಸಿ ಕಣ್ಣಾಗ ನೀರು ಬಂತು.

ಮನ್ಯಾಗ ಅಪ್ಪ "ಹುಚ್ಚರ ಓದು ಯಾಕ ಬೇಕವ್ವಾ ನಿನಗ" ಅಂತಾರ. ವಿಷಯ ಬದಲಿ ಮಾಡಾಕ ಮುಂದಿನ ವಾರದ ತನಕ ಟೈಮ್ ಐತಿ. ಭೂಗೋಳಕ್ಕ ಹೋಗಲೋ ಏನ ಇದನ್ನ ಹಿಡೀಲೋ? ಓದಿದವರು ಇದ್ರ ಹೇಳ್ರಿ.

ಚಿಗರಿ_ಪ್ರಯಾಣಿಕ

ಬಿಡಬ್ಯಾಡ್ರಿ. ನಾ ಬಿಟ್ಟು ಈಗ ಮರಗ್ತೀನಿ.

ಸಪ್ತಾಪುರ_ರೂಮ್_6

ತಂಗಿ, ಕನ್ನಡ ಮಾಧ್ಯಮದವರಿಗೆ ಒಂದು ದಾರಿ ಹೇಳ್ತೀನಿ. ನಾನು ಡಿಎಡ್ ಮುಗಿಸಿ ಟಿಇಟಿಗೆ ಓದಾಕತ್ತೀನಿ. ಅದ್ರಾಗ 150 ಪ್ರಶ್ನೆ, 30 ಮಕ್ಕಳ ಬೆಳವಣಿಗೆ ಮತ್ತು ಬೋಧನಾ ವಿಧಾನದ್ದು. ನೀವು ಓದೋ ಪಾವ್ಲೋವ್, ಸ್ಕಿನ್ನರ್, ಪಿಯಾಜೆ ಎಲ್ಲಾ ಅಲ್ಲೇ ಬರ್ತಾರ, ಅದೂ ಕನ್ನಡದಾಗ. ವುಂಟ್ 1879 ಲೈಪ್ಜಿಗ್ ಪ್ರಯೋಗಾಲಯ, ವಿಲಿಯಂ ಜೇಮ್ಸ್ 1890 ಪುಸ್ತಕ, ವಾಟ್ಸನ್ ವರ್ತನಾವಾದ. ಹಿಂಗ ಒಂದು ಸಾಲಿನ್ಯಾಗ ಒಂದು ಹೆಸರು ಬರ್ದು ಗೋಡಿಗೆ ಅಂಟಿಸಿಬಿಡು. ಬೆಳಿಗ್ಗೆ ಸಂಜಿ ಕಣ್ಣಿಗೆ ಬಿದ್ರ ತಾನ ತಲ್ಯಾಗ ಕುಂದರ್ತೈತಿ. ಭೂಗೋಳಕ್ಕ ಹೋಗೋದು ಬ್ಯಾಡ.

ಹಳೇ_ಮೇಷ್ಟ್ರು_ಹಾವೇರಿ

ಹಾವೇರಿ ಜಿಲ್ಲೆಯಲ್ಲಿ 31 ವರ್ಷ ಇದೇ ವಿಷಯ ಪಾಠ ಮಾಡಿ ನಿವೃತ್ತನಾದವನು ನಾನು. ಆರನೇ ರೂಮಿನ ತಮ್ಮನ ಮಾತಿಗೆ ಅರ್ಧ ಮಾತ್ರ ಒಪ್ಪಿಗೆ. ಕನ್ನಡದಲ್ಲಿ ಓದಿಕೊಳ್ಳುವುದು ಸರಿ. ಗೋಡೆಗೆ ಅಂಟಿಸುವುದು ತಪ್ಪು. ಕಣ್ಣಿಗೆ ಬಿದ್ದ ಮಾತ್ರಕ್ಕೆ ತಲೆಗೆ ಇಳಿಯುವುದಿಲ್ಲ, ಮಗಳಿಗೆ ಆಗಿರುವುದೂ ಅದೇ.

ಮಗಳೇ, ಎಂಟು ಸಲ ಓದಿದರೂ ಬರಲಿಲ್ಲ ಅಂದೆಯಲ್ಲ, ಅದು ನಿನ್ನ ಬುದ್ಧಿಯ ದೋಷ ಅಲ್ಲ, ನಿನ್ನ ಪುಸ್ತಕದ ಸ್ಮೃತಿ ಅಧ್ಯಾಯದ ವಿಷಯವೇ ಅದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಮ್ಮೆ ಓದಿದ ಮೇಲೆ ಕೆಲವರು ಅದನ್ನೇ ಮತ್ತೊಮ್ಮೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ತಿರುಗುಮುರುಗು: ಮತ್ತೆ ಓದಿದವರಿಗೆ ಶೇಕಡಾ 42ರಷ್ಟು ನೆನಪಿತ್ತು, ಮುಚ್ಚಿ ಬರೆದವರಿಗೆ 56ರಷ್ಟು. ಹಳದಿ ಗೆರೆ ನೋಡಿದಾಗ "ಇದು ನನಗೆ ಗೊತ್ತು" ಅನಿಸುವುದು ಪರಿಚಯ ಮಾತ್ರ. ಪೇಪರ್ ಕೇಳುವುದು ಪರಿಚಯವನ್ನಲ್ಲ, ಒಳಗಿನಿಂದ ತೆಗೆದು ಕೊಡುವುದನ್ನು.

ಇವತ್ತೇ ಒಂದು ಕೆಲಸ ಮಾಡು. ಒಂದು ಪುಟ ಓದು, ಮುಚ್ಚು, ನಿಮ್ಮ ಶಿರಹಟ್ಟಿ ಮಾತಿನಲ್ಲೇ ಬರಿ. ಆಮೇಲೆ ತೆರೆದು ಎಲ್ಲಿ ಬಿಟ್ಟೆ ನೋಡು. ನಾಳೆ ಮತ್ತೆ ಅದನ್ನೇ ನೋಡದೆ ಬರಿ. ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ ತನ್ನ ಮರೆವನ್ನು ಅಳೆದ. ಮೊದಲ ದಿನದಲ್ಲೇ ಬಹಳಷ್ಟು ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನ. ಅದಕ್ಕೇ ಎರಡನೆಯ ಸಲ ನೋಡುವುದನ್ನು ವಾರಕ್ಕೆ ಮುಂದೂಡಬಾರದು.

ಎಮ್ಮಿ_ಮನಿ_ಗದಗ

ಮೇಷ್ಟ್ರ, ಛಲೋ ಹೇಳಿದ್ರಿ. ನಾ ಒಂದು ಕೇಳ್ಲ್ಯಾ? ನನ್ನ ಮಗಳೂ ಇದನ್ನ ಓದತಾಳ, ಊಟ ಬರೋ ಸಪ್ಪಳ ಕೇಳಿದ ಕೂಡ್ಲೇ ಜೊಲ್ಲು ಸುರಸೋ ಪಾವ್ಲೋವನ ನಾಯಿ ಅಂತ ಹೇಳ್ತಿದ್ಲು. ನಾಯಿ ಯಾಕ ಬೇಕ್ರಿ, ನಮ್ಮ ಎಮ್ಮಿ ಅದನ್ನ ಮಾಡ್ತೈತಿ. ನಸಿಕಿನ್ಯಾಗ ನಮ್ಮಾಕಿ ಸ್ಟೀಲಿನ ಬಕೀಟು ತೊಳಿಯೋ ಸಪ್ಪಳ ಆತಂದ್ರ ಸಾಕು, ಕರ ಇನ್ನೂ ಬಿಟ್ಟಿರೂದಿಲ್ಲ, ಕೆಚ್ಚಲಕ್ಕ ಹಾಲು ಇಳದು ಮೊಲಿ ತುದೀಲೆ ಹನಿಯಾಕತ್ತಿರ್ತಾವು. ಬ್ಯಾರೇ ಯಾರರ ಪ್ಲಾಸ್ಟಿಕ್ ಕೊಡ ಹಿಡ್ಕೊಂಡು ಹೋದ್ರ ಒದಿತೈತಿ, ಹನಿ ಬಿಡೂದಿಲ್ಲ.

ಹಳೇ_ಮೇಷ್ಟ್ರು_ಹಾವೇರಿ

ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು 31 ವರ್ಷದಲ್ಲಿ ಕೊಡಲಿಲ್ಲ, ಕೊಟ್ಟಿದ್ದರೆ ಮಕ್ಕಳಿಗೆ ಸಲೀಸಾಗುತ್ತಿತ್ತು. ಮಗಳೇ, ಬರೆದುಕೋ. ಕರು ಮೊಲೆಗೆ ಬಾಯಿ ಹಾಕಿದರೆ ಹಾಲು ಇಳಿಯುವುದು ಯಾರೂ ಕಲಿಸದೆ ಬರುವಂಥದ್ದು. ಆ ಕರುವಿನ ಬಾಯಿ ಸಹಜ ಪ್ರಚೋದನೆ. ಬಕೀಟಿನ ಸಪ್ಪಳಕ್ಕೂ ಹಾಲಿಗೂ ಹುಟ್ಟಿನಿಂದ ಸಂಬಂಧವಿಲ್ಲ. ದಿನಾ ಸಪ್ಪಳ ಮೊದಲು, ಕರು ಆಮೇಲೆ, ಹೀಗೆ ಜೋಡಿಯಾಗಿ ಬಂದು ಬಂದು ಸಪ್ಪಳವೇ ಕರುವಿನ ಕೆಲಸ ಮಾಡತೊಡಗಿತು. ಅದು ಅನುಬಂಧಿತ ಪ್ರಚೋದನೆ, ಅದಕ್ಕೆ ಇಳಿಯುವ ಹಾಲು ಅನುಬಂಧಿತ ಪ್ರತಿಕ್ರಿಯೆ. ಪ್ಲಾಸ್ಟಿಕ್ ಕೊಡಕ್ಕೆ ಹನಿ ಬಿಡದೆ ಸ್ಟೀಲಿಗೆ ಮಾತ್ರ ಬಿಡುವುದು ಭೇದ ಮಾಡುವುದು, ಪುಸ್ತಕದಲ್ಲಿ ಡಿಸ್ಕ್ರಿಮಿನೇಷನ್ ಅಂತಿರುತ್ತದೆ. ಬರೀ ಬಕೀಟು ಸಪ್ಪಳ ಮಾಡಿ ಹಿಂಡದೆ, ಕರುವನ್ನೂ ಬಿಡದೆ ಹಾಗೇ ಮಾಡುತ್ತಾ ಹೋದರೆ ಆ ಸಪ್ಪಳದ ಬೆಲೆ ಇಳಿದುಹೋಗುತ್ತದೆ. ಅದೇ ಎಕ್ಸ್‌ಟಿಂಕ್ಷನ್.

ಇನ್ನೊಂದು ಮಾತು. ಪಾವ್ಲೋವನಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ, ಈ ಅನುಬಂಧನಕ್ಕಲ್ಲ. ಪರೀಕ್ಷೆಯಲ್ಲಿ ಇಲ್ಲೇ ಎಡವುತ್ತಾರೆ.

ಸಪ್ತಾಪುರ_ರೂಮ್_6

ಇದು ಗೊತ್ತಿದ್ದಿಲ್ಲ ಸರ್, ಬರ್ಕೊಂಡೆ. ಸ್ಕಿನ್ನರಂದು ನಾ ಹೇಳ್ತೀನಿ ತಂಗಿಗೆ, ಅದು ಸರಳ ಐತಿ. ಬಹುಮಾನ ಕೊಟ್ರ ಧನಾತ್ಮಕ ಪುನರ್ಬಲನ, ಶಿಕ್ಷೆ ಕೊಟ್ರ ಋಣಾತ್ಮಕ ಪುನರ್ಬಲನ. ಮುಗೀತು.

ಕೇಶ್ವಾಪುರದ_ಅವ್ವ

ಮುಗೀಲಿಲ್ಲ ತಮ್ಮಾ, ತಪ್ಪದ ಇದು. ಈ ಒಂದು ಪ್ರಶ್ನೆಗೇ ನಂದೂ ಎರಡು ಮಾರ್ಕ್ಸ್ ಹೋಗಿದ್ವು. ನಾ ಎರಡು ಮಕ್ಕಳಾದ ಮ್ಯಾಲೆ 38ನೇ ವಯಸ್ಸಿಗೆ ಹೊರಗಿಂದ ಬಿಎ ಕಟ್ಟಿದಾಕಿ.

ಪುನರ್ಬಲನ ಅಂದ್ರ ಯಾವಾಗಲೂ ನಡತಿ ಹೆಚ್ಚಾಗಬೇಕು. ಶಿಕ್ಷೆ ಅಂದ್ರ ನಡತಿ ಕಡಿಮಿ ಆಗಬೇಕು. ಧನ, ಋಣ ಅನ್ನೋದು ಒಳ್ಳೇದು ಕೆಟ್ಟದ್ದಲ್ಲ, ಏನರ ಕೂಡಿತೋ ಕಳೀತೋ ಅನ್ನೋ ಲೆಕ್ಕ. ನಮ್ಮ ಮನ್ಯಾಗಿಂದು ಹೇಳ್ತೀನಿ. ನನ್ನ ಸಣ್ಣ ಮಗ ನಾಕು ವರ್ಷದಾಂವ ಇದ್ದಾಗ ದುರ್ಗದಬೈಲಿನ್ಯಾಗ ಆಟಿಗಿ ಅಂಗಡಿ ಮುಂದ ನೆಲಕ್ಕ ಬಿದ್ದು ಹೊರಳಾಡಿದ. ಮಂದಿ ನಿಂತು ನೋಡ್ತಿದ್ರು, ನನಗ ನಾಚಿಕಿ ಆಗಿ ಒಂದು ಜೀಪು ಕೊಡಸ್ದೆ. ಅಂವ ಗಪ್ಪಾದ. ಈಗ ನೋಡ್ರಿ: ಅಂವಗ ಜೀಪು ಸಿಕ್ತು, ಮುಂದಿನ ಸಲಾನೂ ಹೊರಳಾಡ್ತಾನ. ಅದು ಧನಾತ್ಮಕ ಪುನರ್ಬಲನ. ನನಗ ಏನಾತು? ಕಿವಿಗೆ ಬಡೀತಿದ್ದ ಆ ಅಳು ನಿಂತ್ತು. ಹಂಗಾಗಿ ಮುಂದಿನ ಸಲಾನೂ ನಾ ಲಗೂನ ಕೊಡಸ್ತೀನಿ. ಅದು ಋಣಾತ್ಮಕ ಪುನರ್ಬಲನ. ಒಂದ ಅಳು, ಇಬ್ಬರೂ ಕಲತ್ವಿ. ಕಲಿಸಿದಾಂವ ಅಂವ, ನಾನಲ್ಲ.

ಈ ಪಾಠ ಓದಿದ ರಾತ್ರಿ ನಾ ಪುಸ್ತಕ ಮುಚ್ಚಿಟ್ಟು ಭಾಳ ಹೊತ್ತು ಕೂತಿದ್ದೆ. ನಾಕು ವರ್ಷ ಮಗನ್ನ ಬೈದಿದ್ದೆ ಹಟಮಾರಿ ಅಂತ.

ಸಪ್ತಾಪುರ_ರೂಮ್_6

ಅಕ್ಕಾರ, ಒಪ್ಪಿದೆ. ನಾ ಇಷ್ಟ ದಿನ ಉಲ್ಟಾ ಓದೀನಿ. ಗೋಡಿ ಮ್ಯಾಲಿಂದು ಕಿತ್ತು ತಿದ್ದಿ ಹಚ್ಚತೀನಿ.

ಉಣಕಲ್_ಸಂಜೆ

ಇದನ್ನು ಓದಿದರೆ ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತದಾ?

ಕೇಶ್ವಾಪುರದ_ಅವ್ವ

ಇಲ್ರಿ. ನನ್ನ ಯಜಮಾನ್ರ ಮನಸ್ಸಿನ್ಯಾಗ ಏನೈತಿ ಅಂತ ಇನ್ನೂ ಕೇಳೇ ತಿಳ್ಕೋತೀನಿ.

ವಿದ್ಯಾನಗರ_ಮೆಕ್ಯಾನಿಕಲ್

ಯಾರಿಗೂ ಬ್ಯಾಸರ ಮಾಡಬೇಕಂತಲ್ಲ, ಆದ್ರ ಕೇಳ್ತೀನಿ. ಇದು ವಿಜ್ಞಾನ ಹೆಂಗ ಆಗ್ತದ? ಫ್ರಾಯ್ಡ್ ಕನಸಿನ ಮ್ಯಾಲೆ ಹೇಳಿದ್ದನ್ನ ಯಾರು ಅಳದು ನೋಡ್ಯಾರ? ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗ ಒಂದು ಗೊತ್ತು ನನಗ, ಸಾದಾ ಹುಡುಗರಿಗೆ ಪೊಲೀಸ್ ಬಟ್ಟಿ ಹಾಕಿದ್ರ ರಾಕ್ಷಸರಾದ್ರು ಅಂತ. ಅದೊಂದು ಒಪ್ಪತೀನಿ. ಉಳಿದಿದ್ದೆಲ್ಲಾ ಮಾತಿನ ಶಾಸ್ತ್ರ ಅನಸ್ತದ. ತಂಗೀಗೆ ಭೂಗೋಳ ಚಲೋ, ಕೆಲಸಾನೂ ಸಿಗ್ತದ.

ಕಲ್ಯಾಣನಗರ_ಎಂಎ

ಅಣ್ಣಾರ, ನೀವು ಒಪ್ಪಿದ್ದ ಒಂದೇ ಪ್ರಯೋಗಾನೇ ಈಗ ಎಲ್ಲಕ್ಕಿಂತ ಹೆಚ್ಚು ಟೀಕೆಗೆ ಒಳಗಾಗಿರೋದು. ನಾನು ಎರಡನೇ ವರ್ಷದ ಎಂಎ ಸೈಕಾಲಜಿ, ಹೋದ ತಿಂಗಳಷ್ಟೇ ಇದರ ಮೇಲೆ ಸೆಮಿನಾರ್ ಕೊಟ್ಟೆ.

1971ರಲ್ಲಿ ಜಿಂಬಾರ್ಡೊ ಎರಡು ವಾರ ನಡೆಸಬೇಕು ಅಂತ ಶುರು ಮಾಡಿ ಆರೇ ದಿನಕ್ಕೆ ನಿಲ್ಲಿಸಿದ. ಆದರೆ ಕಾವಲುಗಾರರು ತಾವಾಗೇ ಕ್ರೂರರಾದರು ಅನ್ನೋದು ನಿಲ್ಲೋದಿಲ್ಲ. ಬಿಗಿಯಾಗಿ ನಡಕೋಬೇಕು ಅಂತ ಅವರಿಗೆ ಮೊದಲೇ ಹೇಳಿಕೊಡಲಾಗಿತ್ತು, ಅದರ ಧ್ವನಿಮುದ್ರಿಕೆಗಳು ಆಮೇಲೆ ಹೊರಬಂದವು. ಜಿಂಬಾರ್ಡೊ ತಾನೇ ಜೈಲಿನ ಮೇಲಧಿಕಾರಿಯ ಪಾತ್ರದಲ್ಲಿದ್ದ. ಹೋಲಿಸಿ ನೋಡೋಕೆ ಇನ್ನೊಂದು ಗುಂಪೂ ಇರಲಿಲ್ಲ.

ಮಿಲ್‌ಗ್ರಾಮಂದು ಇದಕ್ಕಿಂತ ಗಟ್ಟಿ. ಹುಕುಂ ಕೊಟ್ಟರೆ ಸಾದಾ ಜನ ಇನ್ನೊಬ್ಬರಿಗೆ ಎಷ್ಟರವರೆಗೆ ಕರೆಂಟ್ ಶಾಕ್ ಕೊಡ್ತಾರೆ ಅಂತ ನೋಡಿದ ಪ್ರಯೋಗ ಅದು. ಪ್ರಸಿದ್ಧವಾದ ಸುತ್ತಿನಲ್ಲಿ 40 ಜನರಲ್ಲಿ 26 ಜನ 450 ವೋಲ್ಟ್‌ನ ಗುಂಡಿವರೆಗೆ ಒತ್ತಿದರು. ಶಾಕ್ ಸುಳ್ಳು, ಆದರೆ ಒತ್ತಿದವರಿಗೆ ಅದು ಗೊತ್ತಿರಲಿಲ್ಲ. ಅವನು ಅಲ್ಲಿಗೇ ನಿಲ್ಲಿಸಲಿಲ್ಲ, ಬೇರೆ ಬೇರೆ ರೀತಿ ಬದಲಿಸಿ ನೋಡಿದ. ಹುಕುಂ ಕೊಡೋನು ಕೋಣೆಯಿಂದ ಎದ್ದು ಹೋಗಿ ಫೋನಿನಲ್ಲಿ ಹೇಳಿದರೆ ಕೊನೆವರೆಗೆ ಒತ್ತಿದವರು ಐವರಲ್ಲಿ ಒಬ್ಬರಷ್ಟಕ್ಕೆ ಇಳಿದರು. ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಇಡು, ಏನಾಯಿತು ಅಳೆ. ಮೊದಲ ಸೆಮಿಸ್ಟರ್‌ನಲ್ಲಿ ಕಲಿಸೋದು ಇದನ್ನೇ.

ಅಳತೆ ಬೇಕಾ? ಮನೆಯಲ್ಲೇ ಮಾಡಿ. ಒಬ್ಬರು 30 ಸೆಂಟಿಮೀಟರ್ ಪಟ್ಟಿ ನೇರ ಹಿಡೀಲಿ, ನೀವು ಸೊನ್ನೆಯ ಹತ್ತಿರ ಹೆಬ್ಬೆರಳು ತೋರುಬೆರಳು ಬಿಚ್ಚಿ ಇಟ್ಟುಕೊಳ್ಳಿ. ಹೇಳದೆ ಬಿಟ್ಟಾಗ ಹಿಡೀರಿ. 20 ಸೆಂಟಿಮೀಟರಿಗೆ ಹಿಡಿದರೆ ನಿಮ್ಮ ಪ್ರತಿಕ್ರಿಯಾ ಸಮಯ ಸುಮಾರು 0.20 ಸೆಕೆಂಡು, 15ಕ್ಕೆ ಹಿಡಿದರೆ ಸುಮಾರು 0.17. ಸೂತ್ರ ನಿಮಗೆ ಗೊತ್ತೇ ಇದೆ. ವುಂಟ್‌ನ ಪ್ರಯೋಗಾಲಯದಲ್ಲಿ ಅಳೀತಿದ್ದದ್ದು ಇಂಥವನ್ನೇ.

ವಿದ್ಯಾನಗರ_ಮೆಕ್ಯಾನಿಕಲ್

ಪಟ್ಟಿ ಪ್ರಯೋಗ ಈಗಷ್ಟೇ ಮಾಡಿದೆ. ನನ್ನ ಹತ್ತು ಸಲದ ಸರಾಸರಿ 18 ಸೆಂ.ಮೀ. ಮೊಬೈಲಿನ್ಯಾಗ ಮಾತಾಡ್ಕೋತ ಹಿಡದ್ರ ಎರಡು ಸಲ ಪಟ್ಟಿ ಪೂರ್ತಿ ಜಾರಿ ಬಿತ್ತು. ಗಾಡಿ ಹೊಡಿಯುವಾಗ ಫೋನ್ ಎತ್ತೋದು ಇವತ್ತಿಗೆ ಬಿಟ್ಟೆ. ಸ್ಟ್ಯಾನ್‌ಫರ್ಡಿನ ವಿಷಯ ತಿದ್ದಿದ್ದಕ್ಕ ಧನ್ಯವಾದ.

ಆದ್ರೂ ಒಂದು ಮಾತು ಬಿಡೂದಿಲ್ಲ. ಇದ್ರಾಗ ಸಂಖ್ಯಾಶಾಸ್ತ್ರ ಬರ್ತದ, ಆರ್ಟ್ಸ್ ಹುಡುಗೂರಿಗೆ ಅದು ಕಬ್ಬಿಣದ ಕಡಲಿ.

ಎಮ್ಮಿ_ಮನಿ_ಗದಗ

ಅದೇನ್ ಭಾಳ ಇಲ್ರಿ. ಮಗಳು ಹೇಳಿದ್ದು ಹೇಳ್ತೀನಿ. ನಮ್ಮ ಸಾಲಿನ್ಯಾಗ ಐದು ಮನಿ. ಹೊಲ 2 ಎಕರೆ, 2, 3, 3, ಕಡೀ ಮನಿ ಗೌಡ್ರದು 40. ಕೂಡಿಸಿ ಐದಕ್ಕ ಭಾಗಿಸಿದ್ರ ಮನಿಗೆ 10 ಎಕರೆ ಬರ್ತೈತಿ. ಹತ್ತೆಕರೆ ಇದ್ದಾಂವ ನಮ್ಮ ಸಾಲಿನ್ಯಾಗ ಒಬ್ಬನೂ ಇಲ್ಲ! ಅದು ಸರಾಸರಿ. ಸಾಲಾಗಿ ನಿಂದ್ರಿಸಿ ನಡುವಿನಾಂವನ್ನ ನೋಡಿದ್ರ 3 ಎಕರೆ. ಅದು ಮಧ್ಯಾಂಕ. ಬರಗಾಲದ ಪಟ್ಟಿ ಮಾಡಾಕ ಬಂದವರು ಯಾವ ಲೆಕ್ಕ ಹಿಡಿದ್ರು ಅನ್ನೋದ್ರ ಮ್ಯಾಲೆ ನಮ್ಮ ಹೊಟ್ಟಿ ನಿಂತಿರ್ತೈತಿ.

ಹಳೇ_ಮೇಷ್ಟ್ರು_ಹಾವೇರಿ

ಎಮ್ಮೆ ಮನೆಯವರೇ, ನೀವು ನನ್ನ ತರಗತಿಗೆ ಬರಬೇಕಿತ್ತು.

ಟೋಲ್‌ನಾಕಾ_ಪಾಲಕ

ವಿಷಯ ಸ್ವಲ್ಪ ಬೇರೆ, ಆದ್ರ ಸೈಕಾಲಜಿ ಓದಿದವ್ರು ಇಲ್ಲಿ ಇದ್ದೀರಿ ಅಂತ ಕೇಳ್ತೀನಿ. ಎರಡು ವರ್ಷದ ಹಿಂದ ಒಂದು ತರಬೇತಿ ಕೇಂದ್ರದವರು ಮಕ್ಕಳ ನಡುಮಿದುಳು ಚುರುಕು ಮಾಡ್ತೀವಿ, ಕಣ್ಣು ಕಟ್ಟಿದ್ರೂ ಪುಸ್ತಕ ಓದತಾರ ಅಂದ್ರು. ಮಗಳಿಗೆ 12 ಸಾವಿರ ಕಟ್ಟಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಣ್ಣ ಹೇಳಿದ್ಲು, ನಾವು ಮನೀಮಂದಿ ಎಲ್ಲಾ ಚಪ್ಪಾಳಿ ಹೊಡದ್ವಿ. ಆರು ತಿಂಗಳ ಮ್ಯಾಲೆ ಒಂದಿನ ರಾತ್ರಿ ಅತ್ತು ಹೇಳಿದ್ಲು, "ಪಪ್ಪಾ, ಮೂಗಿನ ಬಾಜೂ ಸಂದ್ಯಾಗಿಂದ ಕಾಣಿಸ್ತದ. ಎಲ್ಲಾರೂ ಹಂಗೇ ಮಾಡ್ತಿದ್ರು. ನಾ ಹೇಳಿದ್ರ ನಿಮಗ ಬ್ಯಾಸರಾಗ್ತದ ಅಂತ ಸುಮ್ಮನಿದ್ದೆ." ರೊಕ್ಕ ಹೋಗಿದ್ದಕ್ಕಲ್ಲ, ಕೂಸು ಆರು ತಿಂಗಳ ಸುಳ್ಳು ಹೊತ್ತುಕೊಂಡು ಅಡ್ಡಾಡಿತಲ್ಲ, ಅದು ಚುಚ್ಚತದ.

ಕಲ್ಯಾಣನಗರ_ಎಂಎ

ಮಗಳು ಹೇಳಿದ್ದು ಅಕ್ಷರಶಃ ಸರಿ. ಮೂಗಿನ ಪಕ್ಕ ಸಂದು ಇದ್ದೇ ಇರ್ತದೆ, ಕೆಳಗೆ ಹಿಡಿದ ಪುಸ್ತಕ ಅಲ್ಲಿಂದ ಕಾಣ್ತದೆ. ಪುಸ್ತಕವನ್ನ ಹಣೆಯ ಎದುರಿಗೆ ಹಿಡಿದರೆ, ಇಲ್ಲಾ ತಲೆ ಹಿಂದೆ ಹಿಡಿದರೆ ಯಾರೂ ಓದೋದಿಲ್ಲ. ಪರೀಕ್ಷೆ ಮಾಡೋಕೆ ಅಷ್ಟೇ ಸಾಕಿತ್ತು. ನಡುಮಿದುಳು ಎಲ್ಲರಿಗೂ ಹುಟ್ಟಿದಾಗಿಂದ ಕೆಲಸ ಮಾಡ್ತಾನೇ ಇರ್ತದೆ, ಅದು ನಿಂತರೆ ಮನುಷ್ಯ ಉಳಿಯೋದಿಲ್ಲ. ಮಿದುಳಿನ ಶೇಕಡಾ ಹತ್ತರಷ್ಟು ಮಾತ್ರ ಬಳಸ್ತೀವಿ ಅನ್ನೋದೂ ಇಂಥದೇ ಸುಳ್ಳು. ಮಗಳಿಗೆ ಬೈದಿಲ್ಲ ಅಂದ್ಕೋತೀನಿ. ಅಷ್ಟು ಜನರ ಚಪ್ಪಾಳೆ ಎದುರಿಗೆ ನಿಜ ಹೇಳೋದು ದೊಡ್ಡವರಿಗೂ ಆಗೋದಿಲ್ಲ.

ಟೋಲ್‌ನಾಕಾ_ಪಾಲಕ

ಬೈದಿಲ್ಲ. ತಬ್ಬಿಕೊಂಡೆ.

ಮೈಸೂರು_ಪಾಕ

ನಡುವೆ ಬಂದೆ, ಕ್ಷಮಿಸಿ. ಕನ್ನಡನಾಡಿನಲ್ಲಿ ಮನಃಶಾಸ್ತ್ರದ ಮಾತು ಬಂದಾಗ ಎಂ.ವಿ. ಗೋಪಾಲಸ್ವಾಮಿ ಅವರ ಹೆಸರು ಬರಲೇಬೇಕು. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದರು, ಅದರ ಹೆಸರೇ ಆಕಾಶವಾಣಿ. ಈಗ ದೇಶವೆಲ್ಲ ಬಳಸುವ ಮಾತು.

ಚಿಗರಿ_ಪ್ರಯಾಣಿಕ

ಹೌದೇನ್ರಿ! ಧಾರವಾಡ ಆಕಾಶವಾಣಿ 1950ರಿಂದ ಐತಿ, ನಮ್ಮಜ್ಜ ಅದನ್ನ ಕೇಳ್ಕೋತ ಎಲಿ ಅಡಕಿ ಹಾಕ್ತಿದ್ದ. ಆ ಹೆಸರಿನ ಹಿಂದ ಸೈಕಾಲಜಿ ಮೇಷ್ಟ್ರು ಇದ್ರು ಅಂತ ಇವತ್ತ ಗೊತ್ತಾತು. ತಂಗೆವ್ವ, ಅಪ್ಪಗ ಇದನ್ನ ಹೇಳು.

ದವಾಖಾನಿ_ಅಕ್ಕ

ತಂಗಿ, ನಿನ್ನ ಅಪ್ಪನ ಮಾತಿಗೆ ನಾ ಉತ್ತರ ಹೇಳ್ತೀನಿ. ನಾನು ಮನೋರೋಗ ವಿಭಾಗದಾಗ ಹದಿನಾಲ್ಕು ವರ್ಷ ನರ್ಸ್ ಆಗಿ ಕೆಲಸ ಮಾಡೀನಿ. ಧಾರವಾಡದ ಡಿಮ್ಹಾನ್ಸ್‌ಗೆ ಹಿಂದ ಮಂದಿ ಹುಚ್ಚರ ದವಾಖಾನಿ ಅಂತಿದ್ರು, ಇನ್ನೂ ಕೆಲವರು ಅಂತಾರ. ಅಲ್ಲಿಗೆ ಬರೋರು ಯಾರು ಅಂದ್ರ ನಿದ್ದಿ ಇಲ್ಲದ ರೈತ, ಕುಡಿಯೋದು ಬಿಡಾಕ ಬಂದ ಡ್ರೈವರ್, ಪರೀಕ್ಷಾ ಭಯದ ಹುಡುಗ, ಹಡದ ಹೆಣ್ಣಮಗಳು. ನಮ್ಮ ನಿಮ್ಮಂಥವರೇ.

ನೀ ಬರದ ಆ ಓಣಿ ಅಕ್ಕನ ಕಥಿ ಓದಿ ನನ್ನ ಕೈ ನಿಂತ್ತು. ನಮ್ಮ ಹಿರೇರು ಬಾಣಂತಿ ಸನ್ನಿ ಅಂತ ಹೆಸರಿಟ್ಟಿದ್ರು, ಅಂದ್ರ ಇದು ಕಾಯಿಲೆ ಅಂತ ಅವರಿಗೂ ಒಂದಿಷ್ಟು ಗೊತ್ತಿತ್ತು. ಹಡದ ಮ್ಯಾಲೆ ಎರಡು ಮೂರು ದಿನಕ್ಕ ಅಳು ಬರೋದು ಭಾಳ ಮಂದಿಗೆ ಇರ್ತೈತಿ, ಹತ್ತು ಹನ್ನೆರಡು ದಿನದಾಗ ತಾನ ಹೊಕ್ಕೈತಿ. ಎರಡು ವಾರ ದಾಟಿದ್ರೂ ಮಂಕು ಬಿಡಲಿಲ್ಲ ಅಂದ್ರ ಅದು ಖಿನ್ನತೆ, ಡಾಕ್ಟರಿಗೆ ತೋರಿಸ್ಬೇಕು, ವಾಸಿ ಆಗ್ತೈತಿ. ಇಲ್ಲದ್ದು ಕೇಳಸೋದು, ಕಾಣಸೋದು, ಕೂಸಿನ ಬಗ್ಗೆ ವಿಪರೀತ ಮಾತು ಬಂದ್ರ ಅವತ್ತ ಕರ್ಕೊಂಡು ಹೋಗಬೇಕು, ಒಂದು ರಾತ್ರಿ ಕಾಯಬಾರ್ದು. ತಾಲೂಕು ಆಸ್ಪತ್ರ್ಯಾಗ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ವಿಚಾರಸ್ರಿ. ಮನಸ್ಸಿನ ತ್ರಾಸಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲೂ ರಾತ್ರಿ ಪುಕ್ಕಟೆ, ಕನ್ನಡದಾಗ ಮಾತಾಡಬಹುದು.

ಇದನ್ನ ಒಬ್ಬಾಕಿ ಹುಡುಗಿ ಓದಿ ಓಣಿಗೆ ಹೇಳಿದ್ರ ಎಷ್ಟೋ ಬಾಣಂತ್ಯಾರು ಉಳೀತಾರ.

ಉಣಕಲ್_ಸಂಜೆ

ಬಿಎ ಮುಗಿಸಿದರೆ ಕೌನ್ಸೆಲಿಂಗ್ ಬೋರ್ಡ್ ಹಾಕಬಹುದಾ?

ಕಲ್ಯಾಣನಗರ_ಎಂಎ

ಬ್ಯಾಡ. ಬಿಎ ಅಡಿಪಾಯ ಅಷ್ಟೇ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಆಮೇಲೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಆಗಬೇಕು. ಔಷಧಿ ಬರೆಯೋ ಮನೋವೈದ್ಯರ ದಾರಿ ಬೇರೆ, ಅವರು ಎಂಬಿಬಿಎಸ್ ಮಾಡಿ ಆಮೇಲೆ ಆ ವಿಷಯದಲ್ಲಿ ಎಂಡಿ ಮಾಡಿರ್ತಾರೆ. ನಡುವೆ ಸಮಾಜಕಾರ್ಯ, ವಿಶೇಷ ಶಿಕ್ಷಣ, ಶಾಲಾ ಆಪ್ತಸಮಾಲೋಚನೆ ಅಂತ ದಾರಿಗಳಿವೆ.

ತಂಗಿ, ಒಂದು ಎಚ್ಚರಿಕೆ. ಮುಂದೆ ಮನೋವಿಕಾರಗಳ ಅಧ್ಯಾಯ ಬರ್ತದೆ. ಓದೋವಾಗ ಎಲ್ಲಾ ಲಕ್ಷಣ ನಿನಗೇ ಇದ್ದಂಗೆ ಅನಿಸ್ತದೆ, ನನಗೆ ಒಂದು ವಾರ ನಿದ್ದೆ ಬರಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳಿಗೂ ಹಿಂಗೇ ಆಗ್ತದೆ. ರೂಮ್‌ಮೇಟಿಗೂ ಹೆಸರು ಹಚ್ಚೋಕೆ ಹೋಗಬೇಡ.

ಆಮೇಲೆ ಆ ಕನ್ನಡಿ ಪ್ರಯೋಗ. 41 ತಪ್ಪಿಗೆ ಅಳಬೇಡ, ಮೊದಲ ಸುತ್ತಿನಲ್ಲಿ ತಪ್ಪು ಬರಲೇಬೇಕು, ಅದಕ್ಕೇ ಆ ಪ್ರಯೋಗ ಇರೋದು. ಕಣ್ಣು ಒಂದು ಹೇಳ್ತದೆ, ಕೈ ಇಷ್ಟು ವರ್ಷ ಕಲಿತದ್ದು ಇನ್ನೊಂದು. ಹೆನ್ರಿ ಮೊಲೈಸನ್ ಅಂತ ಒಬ್ಬರಿದ್ದರು, ಪುಸ್ತಕದಲ್ಲಿ ಎಚ್.ಎಂ. ಅಂತ ಬರ್ತದೆ. ಮೂರ್ಛೆರೋಗಕ್ಕೆ 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಆದಮೇಲೆ ಹೊಸದು ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ಸಂಶೋಧಕಿ ಮೊಲೈಸನ್‌ಗೆ ಇದೇ ನಕ್ಷತ್ರ ಕೊಟ್ಟು ಮೂರು ದಿನ ಮಾಡಿಸಿದರು. ಪ್ರತಿದಿನ ಅವರಿಗೆ ಅದು ಹೊಸದೇ, ನಿನ್ನೆ ಮಾಡಿದ ನೆನಪೇ ಇಲ್ಲ. ಆದರೆ ಕೈ ಮಾತ್ರ ದಿನದಿಂದ ದಿನಕ್ಕೆ ತಪ್ಪು ಕಡಿಮೆ ಮಾಡ್ತಾ ಹೋಯ್ತು. ಕೈಯ ನೆನಪು ಬೇರೆ, ಮಾತಿನ ನೆನಪು ಬೇರೆ ಅಂತ ಜಗತ್ತಿಗೆ ತೋರಿಸಿದ್ದು ನಿನ್ನನ್ನ ಅಳಿಸಿದ ಆ ನಕ್ಷತ್ರವೇ.

ರಾಣೆಬೆನ್ನೂರ_ಅಣ್ಣ

ನಿಮಗ ಆ ಕನ್ನಡಿ ಮುಟ್ಟಾಕರ ಸಿಕ್ಕೈತಿ, ಪುಣ್ಯವಂತ್ರು. ನಾ ಓದಿದ ಕಾಲೇಜಿನ್ಯಾಗ ಉಪಕರಣದ ಕಪಾಟಿಗೆ ಕೀಲಿ. ಮೂರು ವರ್ಷ ಹಿಂದಿನವರ ರೆಕಾರ್ಡ್ ಬುಕ್ ನೋಡಿ ಅಂಕಿ ಕಾಪಿ ಹೊಡದ್ವಿ. 28 ಹುಡುಗೂರದು ಒಂದ ಥರ ತಪ್ಪಿನ ಸಂಖ್ಯೆ, ಯಾರೂ ಕೇಳಲಿಲ್ಲ. ಆ ಕಪಾಟಿನ ಗಾಜಿನ ಹಿಂದ ನಕ್ಷತ್ರದ ಹಲಗಿ ದಿನಾ ಕಾಣ್ತಿತ್ತು. ಇವತ್ತಿಗೂ ಸಿಟ್ಟು ಬರ್ತೈತಿ.

ಹಳೇ_ಮೇಷ್ಟ್ರು_ಹಾವೇರಿ

ಇದನ್ನು ಓದಿ ಬೇಸರವಾಯಿತು. ಮುರಿದರೆ ಲೆಕ್ಕ ಕೊಡಬೇಕಲ್ಲ ಅಂತ ಬೀಗ ಹಾಕುವವರನ್ನು ನಾನೂ ಕಂಡಿದ್ದೇನೆ. ಉಪಕರಣ ಮುರಿಯಲಿ, ಮಕ್ಕಳ ಕೈಯಲ್ಲೇ ಮುರಿಯಲಿ. ಕಾಪಿ ಹೊಡೆದ ಅಂಕಿಗಿಂತ 41 ತಪ್ಪು ಎಷ್ಟೋ ಮೇಲು, ಅದು ನಿಜವಾಗಿ ನಡೆದದ್ದು.

ಶಿರಹಟ್ಟಿ_ಹುಡುಗಿ

ಮೂರು ವಾರದ ಮ್ಯಾಲೆ ಬರೆಯಾಕತ್ತೀನಿ, ಸಿಟ್ಟಾಗಬ್ಯಾಡ್ರಿ. ವಿಷಯ ಬದಲಿ ಮಾಡಲಿಲ್ಲ.

ಮೇಷ್ಟ್ರು ಹೇಳಿದಂಗ ಪುಟ ಮುಚ್ಚಿ ಬರದೆ. ಮೊದಲ ದಿನ ನಾಕ ಸಾಲು ಬಂತು, ಅಳು ಬಂದಿತ್ತು. ಆಮ್ಯಾಲೆ ದಿನಾ ರಾತ್ರಿ ನಮ್ಮಮ್ಮಗ, ಅಂದ್ರ ನಮ್ಮವ್ವನ ಅವ್ವಗ, ಫೋನ್ ಹಚ್ಚಿ ಅವತ್ತಿನ ಪಾಠ ಕನ್ನಡದಾಗ ಹೇಳಾಕ ಶುರು ಮಾಡ್ದೆ. ಆಕಿ ಸಾಲಿ ಮುಖ ನೋಡಿಲ್ಲ, ಆದ್ರ "ಯಾಕ?" ಅಂತ ಕೇಳಿ ಕೇಳಿ ಇಡತಾಳ. ಬಕೀಟಿನ ಸಪ್ಪಳದ್ದು ಹೇಳಿದಾಗ "ಮತ್ತ ಕರ ಸತ್ತ ಎಮ್ಮಿಗೆ ತೊಗಲಿನ ಕರ ಮಾಡಿ ಮುಂದ ನಿಂದ್ರಸ್ತಿದ್ವಲ್ಲ, ಅದು ಏನು ಹಂಗಾರ?" ಅಂದ್ಲು. ಉತ್ತರ ಬರಲಿಲ್ಲ. ಮರುದಿನ ಮ್ಯಾಡಂಗ ಕೇಳಿದೆ. ಅವರು ಪಾಠ ನಿಲ್ಲಿಸಿ ಇಡೀ ಕ್ಲಾಸಿಗೆ ಆ ಪ್ರಶ್ನೆ ಹಾಕಿದ್ರು. ಅರ್ಧ ತಾಸು ಎಲ್ಲಾರೂ ಕನ್ನಡದಾಗ ಜಗಳಾಡಿದ್ವಿ.

ಎರಡನೇ ಟೆಸ್ಟಿನ್ಯಾಗ 13 ಬಂದಾವು. ಋಣಾತ್ಮಕ ಪುನರ್ಬಲನಕ್ಕ ಅಕ್ಕಾರ ಜೀಪಿನ ಉದಾಹರಣೆ ಬರದಿದ್ದೆ, ಅದಕ್ಕ ಪೂರ್ತಿ ಮಾರ್ಕ್ಸ್.

ಹೋದ ಐತವಾರ ಅಪ್ಪ ರೊಟ್ಟಿ ಗಂಟು ತಗೊಂಡು ಹಾಸ್ಟೆಲ್‌ಗೆ ಬಂದಿದ್ರು. ಗೇಟಿನ ಕಟ್ಟಿ ಮ್ಯಾಲೆ ಕುಂದ್ರಿಸಿ ಪಟ್ಟಿ ಪ್ರಯೋಗ ಮಾಡಿಸಿದೆ. ನಂದು 19 ಸೆಂ.ಮೀ, ಅಪ್ಪಂದು 14. "ಹಗ್ಗ ಜಾರಿದಾಗ ಹಿಡಿಯೋ ಕೈ ಇದು" ಅಂದು ಇನ್ನೊಮ್ಮೆ ಬಿಡು, ಇನ್ನೊಮ್ಮೆ ಬಿಡು ಅಂತ ಹನ್ನೊಂದು ಸಲ ಮಾಡಿದ್ರು. ಬಸ್ ತಪ್ಪಿತು, ಮುಂದಿಂದಕ್ಕ ಹೋದ್ರು. ಹೋಗುವಾಗ ಆ ಓಣಿ ಅಕ್ಕನ ತಂಗಿ ಈಗ ಏಳು ತಿಂಗಳ ಬಸರಿ ಐತಿ ಅಂತ ಹೇಳಿ, 14416 ಒಂದು ಚೀಟ್ಯಾಗ ಬರಿಸ್ಕೊಂಡು ಕಿಸೆದಾಗ ಇಟ್ಕೊಂಡ್ರು.

ದವಾಖಾನಿ_ಅಕ್ಕ

ಆ ಚೀಟಿ ತಾಯಿ ಕಾರ್ಡಿನ ಒಳಗ ಹಚ್ಚಿ ಇಡಾಕ ಹೇಳು. ಆಶಾ ಅಕ್ಕನ ಕಣ್ಣಿಗೂ ಬೀಳ್ತೈತಿ.

ಸಪ್ತಾಪುರ_ರೂಮ್_6

ತೊಗಲಿನ ಕರಕ್ಕ ಉತ್ತರ ಏನಾತು? ಕರದ ವಾಸನಿ ಇರ್ತೈತಲ್ಲ, ಅದು ಸಹಜ ಪ್ರಚೋದನೆಯೋ, ಕಲತದ್ದೋ?

ಎಮ್ಮಿ_ಮನಿ_ಗದಗ

ವಾಸನಿ ಹೋದ್ರ ಎಮ್ಮಿ ನಂಬೂದಿಲ್ಲ. ಅದಕ್ಕ ಕರದ ತೊಗಲಿಗೆ ಉಪ್ಪು ಹಚ್ಚಿ ನೆಕ್ಕಸ್ತಿದ್ರು ನಮ್ಮಪ್ಪಾರು.

ಶಿರಹಟ್ಟಿ_ಹುಡುಗಿ

ಎರಡೂ ಕೂಡೇ ಇರಬೇಕು ಅಂತ ಮ್ಯಾಡಂ ಅಂದ್ರು, ಬರೇ ನೋಟ, ಬರೇ ವಾಸನಿ ಬ್ಯಾರೆ ಬ್ಯಾರೆ ಮಾಡಿ ನೋಡದ ಹೇಳಾಕ ಬರೂದಿಲ್ಲ ಅಂತ. ಗುರುವಾರ ನಮ್ಮ ಪ್ರ್ಯಾಕ್ಟಿಕಲ್ ಐತಿ. ಅದ ನಕ್ಷತ್ರ, ಬಲಗೈಲೆ ಕಲತದ್ದು ಎಡಗೈಗೂ ಬರ್ತೈತೋ ಇಲ್ಲೋ ನೋಡೋದು. ಈ ಸಲ ಪ್ರಯೋಗ ಮಾಡಸಾಕಿ ನಾನು, ಕನ್ನಡಿ ಮುಂದ ಕೂಡಾಕಿ ಅವತ್ತ ನಕ್ಕಾಕಿ.

ಕೇಶ್ವಾಪುರದ_ಅವ್ವ

ಆಕಿ ತಪ್ಪು ಎಣಿಸುವಾಗ ನೀ ನಗಬ್ಯಾಡವ್ವಾ. ಎಷ್ಟು ಬಂತು ಬಂದು ಹೇಳು.